11 ಪುಟದ ವರದಿ, ಅದರಲ್ಲಿ ಒಂದೂವರೆ ಸಾಲು: ಮನೆಗೇ ಬಂದು ರಕ್ತ ಪಡೆಯುವ ಲ್ಯಾಬಿನ ಸೇವೆ ಹೇಗಿತ್ತು?

ಸೇವೆ: ಮನೆಗೆ ಬಂದು ರಕ್ತದ ಮಾದರಿ ಪಡೆದು ಮೊಬೈಲ್‌ಗೆ ವರದಿ ಕಳಿಸುವ ಲ್ಯಾಬ್, ಮೈಸೂರು
ಬಳಸಿದ್ದು: ಎರಡೂವರೆ ತಿಂಗಳಲ್ಲಿ ಐದು ಬಾರಿ
ನನ್ನ ಅಂಕ: ಐದಕ್ಕೆ ಮೂರು ನಕ್ಷತ್ರ

ಮೊದಲೇ ಹೇಳಿಬಿಡುತ್ತೇನೆ, ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಿಂದಲೂ ಇದೇ ಕೆಲಸ. ಲಗ್ನಪತ್ರಿಕೆ, ಪಂಚಾಂಗ, ಸಹಕಾರ ಸಂಘದ ವಾರ್ಷಿಕ ವರದಿ, ಯಾವುದನ್ನು ಕೈಗೆ ಕೊಟ್ಟರೂ ನನ್ನ ಕಣ್ಣು ಮೊದಲು ಹೋಗುವುದು ತಪ್ಪಿನ ಕಡೆಗೆ. ಹಾಗಾಗಿ ಈ ಬರಹದಲ್ಲಿ ಸೂಜಿ ಚುಚ್ಚಿದ ನೋವಿಗಿಂತ ಅಚ್ಚಿನ ತಪ್ಪು ಚುಚ್ಚಿದ ನೋವೇ ಹೆಚ್ಚಾಗಿ ಕಂಡರೆ ಅದು ವೃತ್ತಿದೋಷ. ಲ್ಯಾಬಿನ ಹೆಸರನ್ನು ಬರೆಯುತ್ತಿಲ್ಲ. ಅದೇ ಲ್ಯಾಬಿನ ಇಬ್ಬರು ನನಗೆ ಮಾಡಿದ ಉಪಕಾರ ದೊಡ್ಡದು, ಉಳಿದವರ ತಪ್ಪಿಗೆ ಅವರ ಹೊಟ್ಟೆಯ ಮೇಲೆ ಹೊಡೆಯುವ ಮನಸ್ಸಿಲ್ಲ.

ಜೂನ್ ಎರಡನೇ ವಾರ ಜ್ವರ ಶುರುವಾಯಿತು. ಬಹಳ ಜೋರೇನಲ್ಲ. ಸಂಜೆ ಏರುವುದು, ಬೆಳಿಗ್ಗೆ ಇಳಿಯುವುದು, ಮರುದಿನ ಮತ್ತೆ ಹಾಗೇ. ಗಂಟಲು ಸ್ವಲ್ಪ ಕೆರೆಯುತ್ತಿತ್ತು. ಹಿಂದಿನ ವರ್ಷ ಹಲ್ಲು ಕೀಳಿಸಿದಾಗ ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆಗಳು ಕಪಾಟಿನಲ್ಲಿದ್ದವು. ಯಾರನ್ನೂ ಕೇಳದೆ ಮೂರು ದಿನ ನುಂಗಿದೆ. ಐದನೆಯ ದಿನ ಎದೆ, ಬೆನ್ನು, ತೋಳುಗಳ ಮೇಲೆಲ್ಲ ಕೆಂಪು ಗುಳ್ಳೆ ಎದ್ದಿತು. ಹೆಂಡತಿ ಪಿತ್ತದ ಗಂಧೆ ಎಂದಳು. ನಾನೂ ಒಪ್ಪಿಕೊಂಡೆ. ಒಪ್ಪಿಕೊಳ್ಳದೆ ವಾದ ಮಾಡುವಷ್ಟು ಶಕ್ತಿ ಇರಲಿಲ್ಲ. ಎದ್ದು ಬಾಗಿಲ ತನಕ ಹೋಗಿ ಹಾಲಿನ ಪ್ಯಾಕೆಟ್ ತರುವಷ್ಟರಲ್ಲಿ ಸುಸ್ತಾಗಿ ಕುರ್ಚಿ ಹುಡುಕುತ್ತಿದ್ದೆ. ಇದಕ್ಕಿಂತ ಗಾಬರಿ ಹುಟ್ಟಿಸಿದ್ದು ಕಾಫಿ. ಬೆಳಗಿನ ಡಿಕಾಕ್ಷನ್ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಹೆಂಡತಿ ಕಿಟಕಿಯ ಬಳಿ ನಿಲ್ಲಿಸಿ ಕೆಳರೆಪ್ಪೆ ಎಳೆದು ನೋಡಿದಳು. "ರೀ, ಕಣ್ಣು ಅರಿಶಿನವಾಗಿದೆ" ಎಂದಳು. ಮೂತ್ರ ಎರಡು ದಿನದಿಂದ ಕಡುಹಳದಿಯಾಗಿತ್ತು, ನೀರು ಕಡಿಮೆ ಕುಡಿದಿದ್ದೇನೆ ಎಂದುಕೊಂಡು ಸುಮ್ಮನಿದ್ದೆ.

ಕಾಮಾಲೆ ಎಂಬ ಸುದ್ದಿ ನಮ್ಮ ಬೀದಿಯಲ್ಲಿ ಸಂಚರಿಸುವ ವೇಗಕ್ಕೆ ಯಾವ ಕೊರಿಯರ್ ಕಂಪನಿಯೂ ಸಮನಲ್ಲ. ಮಧ್ಯಾಹ್ನದೊಳಗೆ ಎದುರುಮನೆಯವರು ಬೇರುಸಮೇತ ನೆಲನೆಲ್ಲಿ ತಂದುಕೊಟ್ಟರು. ನಂಜನಗೂಡಿನ ಚಿಕ್ಕಮ್ಮ ಫೋನು ಮಾಡಿ, ತಮ್ಮ ಕಡೆ ತೋಳಿಗೆ ಬರೆ ಹಾಕುವವರಿದ್ದಾರೆ, ಒಂದೇ ಬರೆಗೆ ಹಳದಿ ಇಳಿಯುತ್ತದೆ ಎಂದರು. ಉಪ್ಪು, ಎಣ್ಣೆ, ಬೇಳೆ ಎಲ್ಲವೂ ಬಂದ್ ಎಂದು ಇನ್ನೊಬ್ಬರು. ಮಗಳು ಮಾತ್ರ ಹಾಸನದಿಂದ, "ಅಪ್ಪ, ಮೊದಲು ರಕ್ತ ಪರೀಕ್ಷೆ ಮಾಡಿಸಿ, ನಾನೇ ಬುಕ್ ಮಾಡುತ್ತೇನೆ" ಎಂದು ಅಲ್ಲಿಂದಲೇ ಈ ಲ್ಯಾಬಿಗೆ ಫೋನು ಮಾಡಿದಳು. ವಿಮರ್ಶೆ ಇಲ್ಲಿಂದ ಶುರು.

ಅವರ ಬಳಿ ಬಿಡಿ ಪರೀಕ್ಷೆ ಮಾಡಿಸಿಕೊಳ್ಳುವುದೇ ಕಷ್ಟ. ಏನು ಕೇಳಿದರೂ ಪ್ಯಾಕೇಜ್ ಹೇಳುತ್ತಾರೆ. ನಮಗೆ ಸಿಕ್ಕಿದ್ದು 1,499 ರೂಪಾಯಿಯ ಲಿವರ್ ಪ್ಯಾಕೇಜ್, ಅದರಲ್ಲಿ "63 ಪರೀಕ್ಷೆಗಳು". ಆಮೇಲೆ ಕುಳಿತು ಎಣಿಸಿದೆ. ರಕ್ತಕಣಗಳ ಎಣಿಕೆ ಎಂಬ ಒಂದೇ ಪರೀಕ್ಷೆಯನ್ನು ಇಪ್ಪತ್ತಕ್ಕೂ ಹೆಚ್ಚು ಸಾಲುಗಳಾಗಿ ಬಿಡಿಸಿದ್ದರು. ಅಲ್ಬುಮಿನ್ ಒಂದು, ಗ್ಲಾಬ್ಯುಲಿನ್ ಒಂದು, ಇವೆರಡನ್ನು ಭಾಗಿಸಿದರೆ ಬರುವ ಅಂಕಿ ಇನ್ನೊಂದು. ಭಾಗಾಕಾರಕ್ಕೂ ಲೆಕ್ಕ! ಪುಟ ಹೆಚ್ಚಿಸಲು ಅಕ್ಷರದ ಗಾತ್ರ ದೊಡ್ಡದು ಮಾಡುವ ಲೇಖಕರನ್ನು ನಾನು ಬಲ್ಲೆ, ಇದೂ ಅದೇ ಜಾತಿ.

ರಕ್ತ ತೆಗೆದುಕೊಳ್ಳಲು ಬಂದ ಹುಡುಗನ ವಿಷಯಕ್ಕೆ ಬರೋಣ. ಇಡೀ ಸೇವೆಯಲ್ಲಿ ನಾನು ಕಣ್ಣುಮುಚ್ಚಿ ಅಂಕ ಕೊಡುವ ಜಾಗ ಇದು. ಆರೂವರೆಯಿಂದ ಏಳರೊಳಗೆ ಎಂದಿದ್ದರು, ಆರು ನಲವತ್ತಕ್ಕೆ ಬೈಕು ಬಂದು ನಿಂತಿತು. ಮಳೆಯಲ್ಲಿ ನೆನೆದಿದ್ದ. ರೇನ್‌ಕೋಟನ್ನು ಹೊರಗೇ ತೂಗುಹಾಕಿ, ಕೈ ತೊಳೆಯಲು ನೀರು ಕೇಳಿ, ಹೊಸ ಕೈಗವಸು ಹಾಕಿಕೊಂಡ. ಸೂಜಿಯ ಪೊಟ್ಟಣವನ್ನು ನನ್ನ ಕಣ್ಣೆದುರೇ ಒಡೆದ. ನೇರಳೆ ಮುಚ್ಚಳದ ನಳಿಕೆ, ಹಳದಿ ಮುಚ್ಚಳದ ನಳಿಕೆ, ಬೂದು ಮುಚ್ಚಳದ್ದು ಇನ್ನೊಂದು. ತುಂಬಿದ ಮೇಲೆ ನೇರಳೆಯದನ್ನು ಅಲ್ಲಾಡಿಸದೆ ಮೆಲ್ಲಗೆ ಹಿಂದೆಮುಂದೆ ಏಳೆಂಟು ಸಲ ತಿರುಗಿಸಿದ. ಹಾಗೆ ಮಾಡದಿದ್ದರೆ ರಕ್ತ ಹೆಪ್ಪುಗಟ್ಟಿ ಎಣಿಕೆ ಕೆಡುತ್ತದಂತೆ. ಚೀಟಿಯನ್ನು ನನ್ನ ಮುಂದೆಯೇ ಅಂಟಿಸಿ ಹೆಸರನ್ನು ಜೋರಾಗಿ ಓದಿ ಹೇಳಿದ. ಹೊರಡುವಾಗ, "ಸರ್, ಹತ್ತಿಯನ್ನು ಐದು ನಿಮಿಷ ಒತ್ತಿಕೊಂಡೇ ಇರಿ, ಲಿವರ್ ತೊಂದರೆ ಇದ್ದರೆ ರಕ್ತ ನಿಲ್ಲುವುದು ತಡವಾಗಬಹುದು" ಎಂದ. ಹುಣಸೂರಿನ ಕಡೆಯವನು, ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಐದು ಸಲವೂ ಅವನೇ ಬಂದ, ಐದು ಸಲವೂ ಒಂದೇ ಚುಚ್ಚು.

ವರದಿ ಅದೇ ರಾತ್ರಿ ಮೊಬೈಲ್‌ಗೆ ಬಂತು. 11 ಪುಟ. ಮೊದಲ ಪುಟದಲ್ಲಿ ಬಣ್ಣದ ಲಿವರ್ ಚಿತ್ರ. ಅದರ ಕೆಳಗೆ "ನಿಮ್ಮ ಲಿವರ್‌ಗೆ ಗಮನ ಬೇಕು. ಮದ್ಯಪಾನ ಬಿಡಿ, ಕರಿದ ತಿಂಡಿ ಕಡಿಮೆ ಮಾಡಿ, ದಿನಕ್ಕೆ ಮೂವತ್ತು ನಿಮಿಷ ವ್ಯಾಯಾಮ ಮಾಡಿ" ಎಂಬ ಉಪದೇಶ. ಯಂತ್ರ ತಾನಾಗಿಯೇ ಬರೆದದ್ದು. ನಾನು ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ. ಆದರೂ ಮೊದಲ ಸಾಲು ಓದಿದ ಹೆಂಡತಿ ನನ್ನ ಮುಖವನ್ನು ಒಂದು ಕ್ಷಣ ದಿಟ್ಟಿಸಿದ್ದನ್ನು ಮರೆಯಲಾರೆ. ಇದಕ್ಕೆ ಅರ್ಧ ನಕ್ಷತ್ರ ಕಡಿತ.

ಅಂಕಿಗಳು ಹೀಗಿದ್ದವು. ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ 4.2, ಸಹಜವಾಗಿ 1.2ರೊಳಗೆ ಇರಬೇಕಾದದ್ದು. ಲಿವರ್ ಕಿಣ್ವಗಳಾದ ಎಸ್‌ಜಿಪಿಟಿ 286, ಎಸ್‌ಜಿಒಟಿ 214, ಎರಡೂ ನಲವತ್ತರ ಆಸುಪಾಸಿನಲ್ಲಿ ಇರಬೇಕಾದವು. ಇವೆಲ್ಲ ದಪ್ಪ ಕೆಂಪು ಅಕ್ಷರದಲ್ಲಿದ್ದವು. ಆಲ್ಕಲೈನ್ ಫಾಸ್ಫಟೇಸ್ 318, ಅದು ಮಾತ್ರ ಸಾದಾ ಕಪ್ಪು ಅಕ್ಷರದಲ್ಲಿ, ಸಹಜ ಎಂಬಂತೆ. ಬಿಳಿ ರಕ್ತಕಣ 13,400, ಅದರಲ್ಲಿ ನೂರಕ್ಕೆ 62 ಲಿಂಫೋಸೈಟ್ ಎಂಬ ಬಗೆಯವು.

ಕೊನೆಯಿಂದ ಮೂರನೆಯ ಪುಟದಲ್ಲಿ, ಜಾಹೀರಾತಿನ ಮೇಲುಗಡೆ, ಕಾಣಿಸಲೂ ನಾಚುವಂಥ ಸಣ್ಣಕ್ಷರದಲ್ಲಿ ಒಂದೂವರೆ ಸಾಲು ಇತ್ತು. ಕನ್ನಡದಲ್ಲಿ ಹೇಳುವುದಾದರೆ ಅದರ ಅರ್ಥ ಇಷ್ಟು: "ರಕ್ತಲೇಪ ನೋಡಲಾಗಿದೆ. ಅಸಹಜ ರೂಪದ ಲಿಂಫೋಸೈಟ್‌ಗಳು ಸುಮಾರು 18 ಪ್ರತಿಶತ. ವೈರಸ್ ಸೋಂಕಿನ ಸಾಧ್ಯತೆ, ರೋಗಲಕ್ಷಣಗಳೊಂದಿಗೆ ಹೊಂದಿಸಿ ನೋಡುವುದು." ಕೆಳಗೆ ಪೆಥಾಲಜಿಸ್ಟ್ ಸಹಿ. ಯಂತ್ರ ಎಣಿಸಿಕೊಟ್ಟ ಮೇಲೆ ಒಬ್ಬರು ಗಾಜಿನ ಪಟ್ಟಿಯ ಮೇಲೆ ನನ್ನ ರಕ್ತದ ಹನಿಯನ್ನು ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದ್ದರು. ಕೊಟ್ಟ 1,499 ರೂಪಾಯಿ ಆ ಒಂದೂವರೆ ಸಾಲಿಗೆ ಸಂದಾಯವಾಯಿತು ಎಂದೇ ಲೆಕ್ಕ ಹಾಕಿಕೊಂಡಿದ್ದೇನೆ.

ಇನ್ನು ತಪ್ಪು. ಮೊದಲ ಪುಟದ ನೆತ್ತಿಯಲ್ಲಿ, ಹೆಸರಿನ ಪಕ್ಕದಲ್ಲಿ, ವಯಸ್ಸು 15 ಎಂದಿತ್ತು. ನನಗೆ 51. ಅಂಕಿ ಅದಲುಬದಲು. ಮಗಳು ಫೋನಿನಲ್ಲಿ ಸರಿಯಾಗಿಯೇ ಹೇಳಿದ್ದಳು, ಆ ಕಡೆ ಯಾರೋ ತಿರುಗಿಸಿ ಒತ್ತಿದ್ದರು. ಜ್ವರದಲ್ಲೂ ನಗು ಬಂತು. ಮೊಳೆ ಜೋಡಿಸುವ ದಿನಗಳಲ್ಲಿ ಇಂಥವು ದಿನಕ್ಕೆ ಹತ್ತು ಸಿಗುತ್ತಿದ್ದವು. ಇದರಿಂದ ಯಾರಿಗೇನು ನಷ್ಟ ಎಂದುಕೊಂಡು ಮಲಗಿದೆ.

ಮರುದಿನ ನಮ್ಮ ಕುಟುಂಬದ ಡಾಕ್ಟರರ ಬಳಿ ಹೋದೆವು. ಎಪ್ಪತ್ತು ದಾಟಿದವರು, ಕಂಪ್ಯೂಟರ್ ಇಟ್ಟುಕೊಂಡಿಲ್ಲ. ವರದಿಯ ಪುಟಗಳನ್ನು ಹಿಂದಿನಿಂದ ಮುಂದಕ್ಕೆ ಓದಿದರು. ಒಂದೂವರೆ ಸಾಲಿನ ಬಳಿ ಬೆರಳು ನಿಂತಿತು. ಕುತ್ತಿಗೆಯ ಎರಡೂ ಪಕ್ಕ ಒತ್ತಿ ನೋಡಿದರು. ಮಲಗಿಸಿ ಎಡಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟು ದೀರ್ಘ ಉಸಿರು ಎಳೆಯಲು ಹೇಳಿದರು. "ಗುಲ್ಮ (ಸ್ಪ್ಲೀನ್) ಎರಡು ಬೆರಳು ಇಳಿದಿದೆ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ತೋಳಿನ ಮೇಲಿನ ಗುಳ್ಳೆಗಳ ಕಲೆ ನೋಡಿ ಕೇಳಿದರು: "ಯಾವ ಮಾತ್ರೆ ನುಂಗಿದಿರಿ? ಅಮಾಕ್ಸಿಸಿಲಿನ್ನೇ?" ನಾನು ತಲೆ ಬಗ್ಗಿಸಿದೆ. ಹೆಂಡತಿ ನನಗಿಂತ ಮುಂಚೆ ಹೌದು ಎಂದಳು.

ಆಲ್ಕಲೈನ್ ಫಾಸ್ಫಟೇಸ್ ಸಾಲಿಗೆ ಬಂದಾಗ ಅವರ ಹುಬ್ಬು ಗಂಟಿಕ್ಕಿತು. "318 ಇದೆ, ಇದಕ್ಕೆ ಏಕೆ ಗುರುತು ಹಾಕಿಲ್ಲ?" ಪಕ್ಕದ ಅಂಕಣದಲ್ಲಿ ಸಹಜ ಮಿತಿಯನ್ನು 331 ಎಂದು ಅಚ್ಚು ಹಾಕಿದ್ದರು. ನನ್ನ ವಯಸ್ಸಿನವರಿಗೆ ಅದು 130ರ ಆಸುಪಾಸು. ಪುಟ ತಿರುಗಿಸಿ ನೆತ್ತಿಯ ವಯಸ್ಸು ನೋಡಿದ ಮೇಲೆ ಅವರಿಗೆ ಗುಟ್ಟು ಸಿಕ್ಕಿತು. ಈ ಕಿಣ್ವ ಮೂಳೆಯಿಂದಲೂ ಬರುತ್ತದೆ, ಬೆಳೆಯುವ ಹುಡುಗರ ರಕ್ತದಲ್ಲಿ ಅದು ಹೆಚ್ಚಿರುವುದೇ ಸಹಜ. ವಯಸ್ಸು 15 ಎಂದು ಕಂಡ ಯಂತ್ರ ಹುಡುಗರ ಅಳತೆಕೋಲನ್ನು ಎತ್ತಿಕೊಂಡು ನನ್ನನ್ನು ಅಳೆದಿತ್ತು. ಎರಡೂವರೆ ಪಟ್ಟು ಏರಿದ್ದ ಅಂಕಿಯನ್ನು ಸರಿಯಾಗಿದೆ ಎಂದು ದಾಟಿಸಿತ್ತು. ಪಿತ್ತ ಹರಿಯುವುದಕ್ಕೆ ಎಲ್ಲೋ ತಡೆಯಾಗಿದೆ ಎಂದು ಹೇಳುವ ಅಂಕಿ ಅದು. ವರದಿಯ ಕೆಂಪು ಅಕ್ಷರಗಳನ್ನಷ್ಟೇ ನೋಡುವ ಅವಸರದ ವೈದ್ಯರ ಕೈಗೆ ಹೋಗಿದ್ದರೆ ಈ ಸಾಲು ಕಣ್ತಪ್ಪಿ ಹೋಗುತ್ತಿತ್ತು. ರಾತ್ರಿ ನಗು ಬರಿಸಿದ್ದ ತಪ್ಪು ಬೆಳಿಗ್ಗೆ ನಗುವಂಥದ್ದಾಗಿ ಉಳಿಯಲಿಲ್ಲ. ಇದಕ್ಕೆ ಒಂದು ನಕ್ಷತ್ರ ಕಡಿತ, ಚೌಕಾಸಿ ಇಲ್ಲ.

ಡಾಕ್ಟರರು ಆ ಕೂಡಲೇ ಕಾಯಿಲೆಯ ಹೆಸರು ಹೇಳಲಿಲ್ಲ. ಮಳೆಗಾಲದಲ್ಲಿ ಕಾಮಾಲೆ ಎಂದರೆ ಮೊದಲು ನೋಡಬೇಕಾದದ್ದು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ಆಮೇಲೆ ಬಿ ಮತ್ತು ಸಿ, ಜೊತೆಗೆ ಡೆಂಗಿ, ಇಲಿಜ್ವರ. ಎರಡನೆಯ ಸಲ ಹುಡುಗ ಬಂದು ರಕ್ತ ಒಯ್ದ. ಎಲ್ಲವೂ ಇಲ್ಲ ಎಂದು ಬಂತು. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲಿಲ್ಲ, ನಾಳ ಹಿಗ್ಗಿಲ್ಲ, ಗುಲ್ಮ ಮಾತ್ರ 14 ಸೆಂಟಿಮೀಟರ್ ದಾಟಿದೆ ಎಂದರು. ಆಗ ಡಾಕ್ಟರರು ಚೀಟಿಯಲ್ಲಿ ಮೂರು ಅಕ್ಷರ ಬರೆದುಕೊಟ್ಟರು: ಇಬಿವಿ. ಎಪ್‌ಸ್ಟೈನ್-ಬಾರ್ ವೈರಸ್. ಇದು ಮೈಯಲ್ಲಿದ್ದಾಗ ಅಮಾಕ್ಸಿಸಿಲಿನ್ ನುಂಗಿದರೆ ನನಗೆ ಎದ್ದಂಥ ಗುಳ್ಳೆ ಏಳುವುದುಂಟು.

ಲ್ಯಾಬಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ, "ಸರ್, ಎಚ್‌ಬಿವಿ ನಿಮಗೆ ಈಗಾಗಲೇ ಆಗಿದೆ, ನೆಗೆಟಿವ್ ಬಂದಿದೆ" ಎಂದಳು. ಎಚ್ ಅಲ್ಲಮ್ಮ, ಇ. "ಹೆಪಟೈಟಿಸ್ ಇ ಕೂಡ ಆಗಿದೆ ಸರ್." ಅದೂ ಅಲ್ಲ. ಮೂರನೆಯ ಸಲ ಕಾಗುಣಿತ ಬಿಡಿಸಿದಂತೆ ಬಿಡಿಸಿ ಹೇಳಿದ ಮೇಲೆ ತಮ್ಮ ಪಟ್ಟಿ ಹುಡುಕಿ, ಯಾವ ಪ್ಯಾಕೇಜ್‌ನಲ್ಲೂ ಅದು ಇಲ್ಲ, ಬಿಡಿಯಾಗಿ ಮಾಡಿಸಬೇಕು, ಮಾದರಿ ಬೆಂಗಳೂರಿಗೆ ಹೋಗಬೇಕು, ಮೂರು ದಿನ ಎಂದಳು. 63 ಪರೀಕ್ಷೆಗಳ ಜಾತ್ರೆಯಲ್ಲಿ ನನಗೆ ಬೇಕಾದ ಒಂದು ಇರಲಿಲ್ಲ. ಅದಕ್ಕೆ ಅವರನ್ನು ದೂರುವುದಿಲ್ಲ. ಈ ವೈರಸ್‌ನಿಂದ ಕಣ್ಣು ಹಳದಿಯಾಗುವುದು ಅಪರೂಪವೇ.

ಮೂರು ದಿನ ಎಂದವರು ಮೂರನೆಯ ದಿನ ಸಂಜೆಯೇ ಕಳಿಸಿದರು, ಅದು ಮೆಚ್ಚಬೇಕಾದ್ದು. ವಿಸಿಎ ಐಜಿಎಂ ಇದೆ, ಇಬಿಎನ್ಎ ಐಜಿಜಿ ಇಲ್ಲ. ಡಾಕ್ಟರರು ಇದನ್ನು ಬಿಡಿಸಿ ಹೇಳಿದರು. ಮೊದಲನೆಯದು ವೈರಸ್ ಹೊಸದಾಗಿ ಹೊಕ್ಕಾಗ ದೇಹ ತಯಾರಿಸುವ ಪ್ರತಿಕಾಯ. ಎರಡನೆಯದು ಸೋಂಕು ತಗುಲಿ ಎರಡು ಮೂರು ತಿಂಗಳಾದ ಮೇಲೆ ಮೂಡುವುದು, ಮೂಡಿದರೆ ಜೀವನಪೂರ್ತಿ ಇರುವುದು. ಹೊಸದು ಇದ್ದು ಹಳೆಯದು ಇಲ್ಲವೆಂದರೆ ಸೋಂಕು ಈಗಿನದೇ. "ನಮ್ಮಲ್ಲಿ ಹೆಚ್ಚಿನವರಿಗೆ ಇದು ಮಗುವಾಗಿದ್ದಾಗಲೇ ಬಂದು ಹೋಗಿರುತ್ತದೆ, ಬಂದದ್ದೂ ತಿಳಿದಿರುವುದಿಲ್ಲ. ಕೆಲವರಿಗೆ ಹದಿಹರೆಯದಲ್ಲಿ ಬರುತ್ತದೆ, ಆಗ ಗಂಟಲು ನೋವು, ಕುತ್ತಿಗೆಯ ಗಂಟು, ಜ್ವರ. ನಿಮ್ಮ ವಯಸ್ಸಿನಲ್ಲಿ ಬಂದರೆ ಗಂಟಲು ಅಷ್ಟಾಗಿ ಕಾಡದೆ ಜ್ವರ ಎಳೆಯುತ್ತದೆ, ಲಿವರ್ ಊದಿಕೊಂಡು ಕಾಮಾಲೆ ಕಾಣಿಸಬಹುದು" ಎಂದು ಹೇಳಿ, ನನ್ನ ಮೊದಲ ವರದಿಯ ನೆತ್ತಿಯನ್ನು ತೋರಿಸಿ ನಕ್ಕರು. "ಲ್ಯಾಬಿನವರು ವಯಸ್ಸನ್ನು ಕಾಯಿಲೆಗೆ ಹೊಂದಿಸಿದ್ದಾರೆ."

ಎಲ್ಲಿಂದ ಬಂತು ಎಂದು ಕೇಳಿದೆ. ಎಂಜಲಿನಿಂದ ಹರಡುವುದು ಇದು, ಒಳಹೊಕ್ಕು ನಾಲ್ಕರಿಂದ ಆರು ವಾರಗಳ ಮೇಲೆ ಕಾಣಿಸಿಕೊಳ್ಳುವುದು. ಏಪ್ರಿಲ್ ಕೊನೆಗೆ ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದು ಒಂದು ತಿಂಗಳಿದ್ದಳು. ಆ ಎರಡು ವರ್ಷದ ಒಡತಿ ತಟ್ಟೆಯಲ್ಲಿ ಬಿಟ್ಟ ಮೊಸರನ್ನವನ್ನೆಲ್ಲ ಮುಗಿಸುವ ಹುದ್ದೆ ನನ್ನದಾಗಿತ್ತು. ಅವಳಿಂದಲೇ ಬಂತು ಎಂದು ಹೇಳಲು ಯಾವ ಪರೀಕ್ಷೆಯನ್ನೂ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ. ಆರೋಪಿಗೆ ಅಜ್ಜಿಯ ಬೆಂಬಲ ಇದೆ.

ಮಲಗಿದ್ದ ವಾರಗಳಲ್ಲಿ ಈ ವೈರಸ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1964ರಲ್ಲಿ ಲಂಡನ್ನಿನಲ್ಲಿ ಇದನ್ನು ಮೊದಲು ಕಂಡವರು ಮೂವರು: ಆಂಟನಿ ಎಪ್‌ಸ್ಟೈನ್, ಬರ್ಟ್ ಅಚಾಂಗ್, ಇವೊನ್ ಬಾರ್. ಉಗಾಂಡದಿಂದ ಬಂದ ಗಡ್ಡೆಯ ಜೀವಕೋಶಗಳಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇಟ್ಟು ನೋಡಿದಾಗ ಸಿಕ್ಕಿತು. ಹೆಸರಿನಲ್ಲಿ ಅಚಾಂಗ್ ಬಿಟ್ಟುಹೋಗಿದ್ದಾರೆ, ಯಾವ ಕರಡಿನಲ್ಲಿ ಬಿಟ್ಟುಹೋಯಿತೋ. ಆದರೆ ನನಗೆ ಬಂದಂಥ ಜ್ವರಕ್ಕೂ ಈ ವೈರಸ್‌ಗೂ ನಂಟಿದೆ ಎಂದು ತಿಳಿದದ್ದು ಆಮೇಲೆ, ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಹೆನ್ಲೆ ದಂಪತಿಗಳ ಪ್ರಯೋಗಾಲಯದಲ್ಲಿ. ಅಲ್ಲಿನ ತಂತ್ರಜ್ಞೆಯೊಬ್ಬಳ ರಕ್ತದಲ್ಲಿ ಈ ವೈರಸ್‌ಗೆ ಪ್ರತಿಕಾಯ ಇರಲಿಲ್ಲ. 1967ರಲ್ಲಿ ಅವಳಿಗೆ ಜ್ವರ ಬಂದು, ವಾಸಿಯಾಗಿ ಕೆಲಸಕ್ಕೆ ಮರಳಿದಾಗ ನೋಡಿದರೆ ಪ್ರತಿಕಾಯ ಮೂಡಿತ್ತು. ಮರುವರ್ಷ ಅದು ಪ್ರಬಂಧವಾಗಿ ಬಂತು. ಲ್ಯಾಬಿನ ಕೆಲಸದವರನ್ನು ಹೊಗಳಲು ಕುಳಿತಿರುವ ನನಗೆ ಈ ಕಥೆ ಬಿಡಲು ಮನಸ್ಸಾಗಲಿಲ್ಲ.

ಚಿಕಿತ್ಸೆ ಎಂದು ವಿಶೇಷವೇನೂ ಇಲ್ಲ. ಈ ವೈರಸ್ ಕೊಲ್ಲಲು ಕೊಡುವ ಮಾತ್ರೆ ಇಲ್ಲ, ಲಿವರ್ ತಾನೇ ಚೇತರಿಸಿಕೊಳ್ಳುವವರೆಗೆ ಕಾಯಬೇಕು. ಪ್ಯಾರಾಸಿಟಮಾಲ್ ಅಳತೆ ಮೀರಬಾರದು. ಭಾರ ಎತ್ತುವಂತಿಲ್ಲ, ಏಕೆಂದರೆ ಊದಿದ ಗುಲ್ಮ ಪೆಟ್ಟಿಗೆ ಅಥವಾ ಒತ್ತಡಕ್ಕೆ ಒಡೆಯುವ ಅಪಾಯ ಇರುತ್ತದೆ. ಕಾಗದದ ರೀಮು, ಗ್ಯಾಸ್ ಸಿಲಿಂಡರ್ ಎರಡಕ್ಕೂ ತಿಂಗಳಿಗೂ ಮಿಕ್ಕಿ ರಜೆ. ಪಥ್ಯದ ಬಗ್ಗೆ ಚಿಕ್ಕಮ್ಮನ ಪರವಾಗಿ ಕೇಳಿದಾಗ, ರುಚಿಸಿದ್ದನ್ನು ಹಸಿವಾದಷ್ಟು ತಿನ್ನಿ ಎಂದರು. ಬರೆಯ ವಿಷಯ ಎತ್ತಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ, ಕನ್ನಡಕ ಒರೆಸಿಕೊಂಡರು. ಎದುರುಮನೆಯವರ ನೆಲನೆಲ್ಲಿಯನ್ನು ಹೆಂಡತಿ ಕುಂಡದಲ್ಲಿ ನೆಟ್ಟಿದ್ದಾಳೆ, ಚೆನ್ನಾಗಿ ಬಂದಿದೆ.

ನಾಲ್ಕನೆಯ ಸಲ ರಕ್ತ ಕೊಟ್ಟಾಗ ಬಿಲಿರುಬಿನ್ 1.9ಕ್ಕೆ ಇಳಿದಿತ್ತು. ಐದನೆಯ ಸಲ 0.8. ಎಲ್ಲಕ್ಕಿಂತ ಕೊನೆಗೆ ದಾರಿಗೆ ಬಂದದ್ದು ಅದೇ ಆಲ್ಕಲೈನ್ ಫಾಸ್ಫಟೇಸ್. ಸುಸ್ತು ಇನ್ನೂ ಪೂರ್ತಿ ಹೋಗಿಲ್ಲ, ಮಧ್ಯಾಹ್ನ ಎರಡು ಗಂಟೆಗೆ ಕರಡಿನ ಮೇಲೆ ತಲೆ ತೂಗುತ್ತದೆ. ಆದರೆ ಜುಲೈ ಕೊನೆಯ ಒಂದು ಬೆಳಿಗ್ಗೆ ಡಿಕಾಕ್ಷನ್ ಇಳಿಯುವ ವಾಸನೆಗೆ ನಾನಾಗಿಯೇ ಎದ್ದು ಅಡುಗೆಮನೆಗೆ ಹೋದೆ.

ಉಳಿದ ಅರ್ಧ ನಕ್ಷತ್ರದ ಕಡಿತಕ್ಕೆ ಕಾರಣ ತಿದ್ದುಪಡಿಯ ಗೋಳು. ವಯಸ್ಸು ಸರಿ ಮಾಡಿ ಮೊದಲ ವರದಿಯನ್ನು ಮತ್ತೆ ಕೊಡಿ ಎಂದು ನಾಲ್ಕು ಸಲ ಫೋನು ಮಾಡಬೇಕಾಯಿತು. "ಒಂದು ಅಂಕಿ ತಾನೇ ಸರ್, ಡಾಕ್ಟರರಿಗೆ ಬಾಯಲ್ಲಿ ಹೇಳಿ" ಎಂದರು ಒಬ್ಬರು. ಆಲ್ಕಲೈನ್ ಫಾಸ್ಫಟೇಸ್ ಕಥೆಯನ್ನು ಅವರಿಗೆ ಮೊದಲಿನಿಂದ ಹೇಳಿದೆ, ಕೊನೆಗೆ ಮೇಲಿನವರಿಗೆ ದಾಟಿಸಿದರು. ಹನ್ನೆರಡು ದಿನದ ಮೇಲೆ ಬಂದ ಹೊಸ ವರದಿಯಲ್ಲಿ ವಯಸ್ಸು 51, 318ಕ್ಕೆ ಕೆಂಪು ಬಣ್ಣ. ಆದರೆ ಇದು ತಿದ್ದಿದ ಪ್ರತಿ, ಹಿಂದಿನದರಲ್ಲಿ ಇಂಥ ತಪ್ಪಿತ್ತು ಎಂಬ ಒಂದು ಸಾಲೂ ಇರಲಿಲ್ಲ. ದಿನಾಂಕವೂ ಹಳೆಯದೇ. ಸಣ್ಣ ಪತ್ರಿಕೆಯವರೂ ಮರುದಿನ "ನಿನ್ನೆಯ ಸಂಚಿಕೆಯಲ್ಲಿ ತಪ್ಪಾಗಿ ಪ್ರಕಟವಾಗಿದೆ" ಎಂದು ಮೂಲೆಯಲ್ಲಾದರೂ ಹಾಕುತ್ತಾರೆ. ಈಗ ನನ್ನ ಬಳಿ ಒಂದೇ ದಿನಾಂಕದ, ಒಂದೇ ಸಂಖ್ಯೆಯ, ಒಂದಕ್ಕೊಂದು ಒಪ್ಪದ ಎರಡು ವರದಿಗಳಿವೆ. ಹಳೆಯದರ ಮೇಲೆ ನಾನೇ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು "ರದ್ದು" ಎಂದು ಬರೆದಿಟ್ಟಿದ್ದೇನೆ.

ಈ ಸೇವೆ ಬಳಸುವವರಿದ್ದರೆ ಬಳಸಿ. ರಕ್ತ ತೆಗೆಯುವಾಗಲೇ ಅವರ ಮೊಬೈಲ್‌ನಲ್ಲಿ ನಿಮ್ಮ ವಯಸ್ಸು ಏನಿದೆ ಎಂದು ತೋರಿಸಲು ಹೇಳಿ. ಐದನೆಯ ಸಲ ನಮ್ಮ ಹುಡುಗ ತಾನಾಗಿಯೇ, "ವಯಸ್ಸು ಐವತ್ತೊಂದು, ಸರಿಯೇ ಸರ್?" ಎಂದು ಕೇಳಿದ. ಪ್ಯಾಕೇಜ್ ಬೇಕಾಗಿಲ್ಲ ಎಂದು ಹಟ ಹಿಡಿದರೆ ಬಿಡಿ ಪರೀಕ್ಷೆಯೂ ಸಿಗುತ್ತದೆ, ಕೊನೆಯ ಸಲ ನಾನು ಲಿವರ್ ಪರೀಕ್ಷೆ ಒಂದನ್ನೇ 450 ರೂಪಾಯಿಗೆ ಮಾಡಿಸಿದೆ. ರಕ್ತಲೇಪದ ಸಾಲು ಎಲ್ಲಿದೆ ಎಂದು ಹುಡುಕಿ ಓದಿ, ಓದಿಸಿ.

ಅವರ ಆಪ್ ನನ್ನಿಂದ ಅಭಿಪ್ರಾಯ ಕೇಳಿತ್ತು. ಸಮಯಪಾಲನೆ, ಸಿಬ್ಬಂದಿಯ ನಡತೆ, ಸ್ವಚ್ಛತೆ ಎಂದು ಮೂರು ಚೌಕಗಳು. ಸೂಕ್ಷ್ಮದರ್ಶಕದ ಮುಂದೆ ಕುಳಿತವರಿಗೆ ಚೌಕವೇ ಇರಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ನಿನ್ನೆ ಅದೇ ಆಪ್‌ನಿಂದ ಸಂದೇಶ ಬಂದಿದೆ: ಹದಿಹರೆಯದವರ ಆರೋಗ್ಯ ಪ್ಯಾಕೇಜ್, ನನಗಾಗಿಯೇ ಶೇಕಡ 30 ರಿಯಾಯಿತಿ.